ಒಲೆ ಕಟ್ಟಿದವರು ಮತ್ತೆ ಬಂದರೆ: ಮನೆಯ ಇಂಧನ ಉಳಿತಾಯ ಕುರಿತು ಒಂದು ಟಿಪ್ಪಣಿ

ಸೌದೆ ಉಳಿಸಲೆಂದು ರೂಪಿಸಿದ ಅಸ್ತ್ರ ಒಲೆಯ ಬಾಯಿ ಚಿಕ್ಕದು. ಮರದ ದಿಮ್ಮಿಯನ್ನು ಎರಡು ಸೀಳು ಮಾಡಿ ತಂದರೆ ಒಳಗೆ ಹೋಗುವುದಿಲ್ಲ, ಸೌದೆಯನ್ನು ಇನ್ನಷ್ಟು ಸಣ್ಣಗೆ ಸೀಳಬೇಕು. ಒಳಗೆ ಬೆಂಕಿ ಕೂರುವುದು ಜಾಲರಿಯ ಮೇಲೆ. ಗಾಳಿ ಕೆಳಗಿನಿಂದ ಲೆಕ್ಕವಾಗಿ ಬರುತ್ತದೆ. ಸಾಲಾಗಿ ಮೂರು ಪಾತ್ರೆ. ಮುದ್ದೆಯ ಎಸರು ಮೊದಲನೆಯದರಲ್ಲಿ, ಸಾರು ಎರಡನೆಯದರಲ್ಲಿ. ಮೂರನೆಯದಕ್ಕೆ ಜ್ವಾಲೆ ತಾಗುವುದೇ ಇಲ್ಲ, ಹೊರಗೆ ಹೋಗುವ ಬಿಸಿ ಹೊಗೆಯೇ ಅಲ್ಲಿಟ್ಟ ನೀರನ್ನು ಕಾಯಿಸಿ ಹೊಗೆಕೊಳವೆ ಸೇರುತ್ತದೆ. ಕೋಡೊಲೆ ಕಂಡ ಅಡುಗೆಮನೆಗಳಿಗೆ ಈ ತತ್ವ ತೀರ ಹೊಸದಲ್ಲ. ಅಳತೆ ಮಾತ್ರ ಹೊಸದು. ಬಾಯಿಯ ಅಗಲ, ಜಾಲರಿಯಿಂದ ಪಾತ್ರೆಯ ತಳಕ್ಕಿರುವ ಅಂತರ, ಹೊಗೆ ಹಾಯುವ ದಾರಿ, ಎಲ್ಲವೂ ಲೆಕ್ಕ ಹಾಕಿ ಇಟ್ಟವು. ಪ್ರಯೋಗಾಲಯದಲ್ಲಿ ಈ ಒಲೆ ಸೌದೆಯ ಶಾಖದಲ್ಲಿ ಶೇ. 40ರ ಆಸುಪಾಸನ್ನು ಪಾತ್ರೆಗೆ ಮುಟ್ಟಿಸಿತು. ಸಾಮಾನ್ಯ ಮೂರು ಕಲ್ಲಿನ ಒಲೆ ಇದರ ಅರ್ಧವನ್ನೂ ಮುಟ್ಟಿಸುವುದಿಲ್ಲ.

ದಪ್ಪ ಸೌದೆ ಹೋಗಲೆಂದು ಮನೆಯವರು ಬಾಯಿಯನ್ನು ನಾಲ್ಕು ಬೆರಳು ಅಗಲ ಮಾಡಿದರೆ ಆ ಲೆಕ್ಕವೆಲ್ಲ ಅಲ್ಲಿಗೇ ಮುಗಿಯಿತು. ಒಲೆ ಉರಿಯುತ್ತದೆ, ಅಡುಗೆಯೂ ಆಗುತ್ತದೆ, ಆದರೆ ಬೇಡದ ಗಾಳಿ ನುಗ್ಗಿ ಶಾಖವನ್ನೆಲ್ಲ ಕೊಳವೆಗೆ ಹೊತ್ತೊಯ್ಯುತ್ತದೆ. ಒಳದಾರಿಯಲ್ಲಿ ಮಸಿ ಕಟ್ಟಿದರೆ ಹೊಗೆ ಅಡುಗೆಮನೆಗೇ ತಿರುಗುತ್ತದೆ. ಆಗ ಮನೆಯವರು ಒಲೆಯನ್ನು ಬೈಯುತ್ತಾರೆ, ಸಮೀಕ್ಷೆಗೆ ಬಂದವರು ಮನೆಯವರನ್ನು ಬೈಯುತ್ತಾರೆ. ನಡುವೆ ಇರಬೇಕಾಗಿದ್ದವರು ಒಬ್ಬರಿದ್ದರು: ಆ ಒಲೆ ಕಟ್ಟಿದ ಗಾರೆಯವರು. ಈ ಟಿಪ್ಪಣಿ ಅವರನ್ನು ಕುರಿತದ್ದು. ಒಲೆಯಾಗಲಿ, ಗೋಬರ್ ಗ್ಯಾಸ್ ಆಗಲಿ, ಸೋಲಾರ್ ಆಗಲಿ, ಮನೆಯ ಇಂಧನ ಉಳಿತಾಯ ವರ್ಷಗಟ್ಟಲೆ ಉಳಿಯುವುದು ಕೂಗಳತೆಯಲ್ಲಿ ರಿಪೇರಿಯವರು ಇರುವಲ್ಲಿ ಮಾತ್ರ ಎಂಬುದು ನನ್ನ ವಾದ. ನಮ್ಮ ಯೋಜನೆಗಳು ಹಣ ಕೊಡುವುದು ಅಳವಡಿಕೆಗೆ. ಮರುಭೇಟಿಗೆ ಬಹುಮಟ್ಟಿಗೆ ಕೊಡುವುದಿಲ್ಲ.

ಹಿನ್ನೆಲೆ ಸ್ವಲ್ಪದರಲ್ಲಿ ಹೇಳುತ್ತೇನೆ. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ತಂತ್ರಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೋಶ ಹುಟ್ಟಿತು. ಅದರ ಹಿಂದಿದ್ದವರು ಅಮೂಲ್ಯ ಕೆ. ಎನ್. ರೆಡ್ಡಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಇಂಧನ ಬಳಸುತ್ತಾರೆಂದು ಮನೆಮನೆಯ ಲೆಕ್ಕ ತೆಗೆದರು. ಅವುಗಳಲ್ಲಿ ಪುರ ಎಂಬ ಸಣ್ಣ ಊರಿನ ಅಧ್ಯಯನ ಹೊರದೇಶಗಳ ವಿದ್ವಾಂಸರಿಗೂ ಪರಿಚಿತ. ಕಂಡದ್ದು ಇಷ್ಟು: ಊರಿನ ಇಂಧನದ ಬಹುಭಾಗ ಸೌದೆ, ಸೌದೆಯ ಬಹುಭಾಗ ಹೋಗುವುದು ಅಡುಗೆಗೆ ಮತ್ತು ಸ್ನಾನದ ನೀರಿಗೆ, ಅದನ್ನು ಹೆಚ್ಚಾಗಿ ಹೊತ್ತು ತರುವವರು ಹೆಂಗಸರು, ಮಕ್ಕಳು. ವಿದ್ಯುತ್ ಯೋಜನೆಗಳ ಮಾತೇ ದೊಡ್ಡದಾಗಿದ್ದ ಕಾಲದಲ್ಲಿ ಬಚ್ಚಲ ಹಂಡೆಯನ್ನು ಇಂಧನ ನೀತಿಯ ವಿಷಯವಾಗಿ ಕಂಡದ್ದು ದೊಡ್ಡ ಕೆಲಸ ಎಂದೇ ನಾನು ಭಾವಿಸುತ್ತೇನೆ.

ಈ ಕೋಶದಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಒಯ್ಯುವಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೈಜೋಡಿಸಿತು. ಗಾರೆ ಕೆಲಸದವರಿಗೆ ತರಬೇತಿ ಕೊಟ್ಟರು. ಕೇಂದ್ರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದಲ್ಲಿ ಆರಂಭವಾಗಿ 2002ರವರೆಗೆ ನಡೆಯಿತು, ದೇಶದಾದ್ಯಂತ ಕೋಟಿಗಟ್ಟಲೆ ಒಲೆಗಳ ಲೆಕ್ಕ ಬರೆಯಿತು. ಆ ಬಗೆಯ ಲೆಕ್ಕದಲ್ಲಿ ಕಟ್ಟಿದ ದಿನಕ್ಕೆ ಒಂದು ಒಲೆ ಒಂದು ಎಂದೇ ದಾಖಲು. ಮೂರನೆಯ ಮಳೆಗಾಲದಲ್ಲಿ ಅದೇ ಒಲೆ ಏನಾಗಿದೆ ಎಂದು ಬರೆಯಲು ಅಂಥ ಪುಸ್ತಕದಲ್ಲಿ ಅಂಕಣ ಇರುವುದಿಲ್ಲ. ಗಾರೆಯವರ ಕೂಲಿಯೂ ಕಟ್ಟಿದ ಸಂಖ್ಯೆಗೇ ಹೊಂದಿಕೊಂಡಿದ್ದರೆ, ನಿನ್ನೆ ಕಟ್ಟಿದ ಮನೆಗೆ ಅವರು ಮಸಿ ತೆಗೆಯಲು ಹೋಗುವುದಾದರೂ ಏಕೆ?

ಪುರದಲ್ಲಿ ಮತ್ತೊಂದು ಪಾಠವಿದೆ. ಊರಿನ ಸಗಣಿಯನ್ನೆಲ್ಲ ಒಂದುಗೂಡಿಸಿ ಸಮುದಾಯ ಗೋಬರ್ ಗ್ಯಾಸ್ ಮಾಡಿ ಅಡುಗೆಗೆ ಕೊಡುವ ಮೊದಲ ಪ್ರಯತ್ನ ಕೈಗೂಡಲಿಲ್ಲ. ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಸೋಲನ್ನು ಮುಚ್ಚಿಡದೆ ವಿಜ್ಞಾನಿಗಳು ಊರಿನವರ ಜೊತೆ ಮತ್ತೆ ಕುಳಿತರು. ಊರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರನ್ನು ನಲ್ಲಿಗೆ, ದೀಪಕ್ಕೆ ವಿದ್ಯುತ್ತನ್ನು ಮನೆಗಳಿಗೆ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ. ಗ್ಯಾಸ್ ತೆಗೆದ ಮೇಲಿನ ಗೊಬ್ಬರ ಅವರವರ ಪಾಲಿನಷ್ಟು ಅವರವರಿಗೇ ವಾಪಸ್ಸು. ಸ್ಥಾವರ ನೋಡಿಕೊಂಡವರು ಊರಿನ ಹುಡುಗರೇ, ಸಂಬಳಕ್ಕೆ. 2 ಪೈಸೆ ಆಗಲೂ ದೊಡ್ಡ ಮೊತ್ತವಲ್ಲ. ಆದರೆ ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಹೆಂಗಸಿನ ಕೆಲಸಕ್ಕೆ ಲೆಕ್ಕಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು.

ಇದಕ್ಕಿಂತ ಗಟ್ಟಿಯಾದ ಉದಾಹರಣೆ ಶಿರಸಿಯದು. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಆರ್. ಭಟ್, ಎಚ್. ಎನ್. ಚಾಣಕ್ಯ, ಎನ್. ಎಚ್. ರವೀಂದ್ರನಾಥ್ ಶಿರಸಿ ತಾಲ್ಲೂಕಿನ ಎಂಟು ಹಳ್ಳಿಗಳ ಗೋಬರ್ ಗ್ಯಾಸ್ ಕುರಿತು ಅಧ್ಯಯನ ಪ್ರಕಟಿಸಿದರು. ದೇಶದ ಬೇರೆಡೆ ಕಟ್ಟಿ ಬಿಟ್ಟ ಗುಂಡಿಗಳ ಕತೆಗಳೇ ಹೆಚ್ಚು ಕೇಳಿಬರುತ್ತಿದ್ದ ಕಾಲ ಅದು. ಇಲ್ಲಿ ನೋಡಿದರೆ ಕಟ್ಟಿದ್ದೆಲ್ಲ ಕೆಲಸ ಮಾಡುತ್ತಿತ್ತು. ಗ್ಯಾಸ್ ಇದ್ದ ಮನೆಗಳಲ್ಲಿ ಶೇ. 85ರಷ್ಟು ತಮ್ಮ ಅಡುಗೆಯನ್ನು ಪೂರ್ತಿ ಅದರಲ್ಲೇ ನಡೆಸುತ್ತಿದ್ದವು.

ಕಾರಣ ಕೇಳಿದರೆ ಮೊದಲ ಉತ್ತರ ಸುಲಭದ್ದು: ಅಡಕೆ ತೋಟದ ಸೀಮೆ, ಕೈಯಲ್ಲಿ ಸ್ವಲ್ಪ ಹಣವಿದೆ, ದನ ಕೊಟ್ಟಿಗೆಯಲ್ಲೇ ಇರುವುದರಿಂದ ಸಗಣಿ ಒಂದೆಡೆ ಸಿಗುತ್ತದೆ, ತೋಟಕ್ಕೆ ಗೊಬ್ಬರ ಬೇಕೇ ಬೇಕು. ಇದು ನಿಜ. ಅಡಕೆ ಇರುವ ಊರುಗಳೆಲ್ಲ ಶಿರಸಿ ಆಗಲಿಲ್ಲ ಎಂಬುದೂ ನಿಜ. ಅಧ್ಯಯನ ಬೆರಳಿಟ್ಟು ತೋರಿಸಿದ್ದು ಸ್ಥಳೀಯ ಉದ್ಯಮಿಗಳನ್ನು. ಸಬ್ಸಿಡಿಯ ಅರ್ಜಿ, ಬ್ಯಾಂಕಿನ ಕಾಗದ, ಸಿಮೆಂಟು ಇಟ್ಟಿಗೆ, ಕಟ್ಟುವ ಕೆಲಸ ಎಲ್ಲವನ್ನೂ ಒಬ್ಬರೇ ವಹಿಸಿಕೊಳ್ಳುತ್ತಿದ್ದರು. ಮೇಲೆ ಗ್ಯಾರಂಟಿ ಕೊಟ್ಟು, ಆ ಅವಧಿಯಲ್ಲಿ ಕೆಟ್ಟರೆ ದುಡ್ಡಿಲ್ಲದೆ ಬಂದು ಸರಿಪಡಿಸುತ್ತಿದ್ದರು. ಒಬ್ಬರಿಗಿಂತ ಹೆಚ್ಚು ಮಂದಿ ಕಣದಲ್ಲಿದ್ದುದರಿಂದ ಹೆಸರು ಕೆಡಿಸಿಕೊಳ್ಳುವ ಹಾಗಿರಲಿಲ್ಲ. ಗುಮ್ಮಟದ ಮಾದರಿಯ ಸ್ಥಾವರದಲ್ಲಿ ಗಾರೆಯ ಒಂದು ಕೂದಲೆಳೆ ಬಿರುಕು ಸಾಕು, ಅನಿಲವೆಲ್ಲ ಸೋರಿಹೋಗುತ್ತದೆ. ಒಲೆಯ ನೀಲಿ ಉರಿ ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಕುಗ್ಗಿದರೆ ಕಾರಣ ಬಿರುಕೋ, ಕೊಳವೆಯಲ್ಲಿ ನಿಂತ ನೀರೋ, ಸಗಣಿಗೆ ಬೆರೆಸಿದ ನೀರಿನ ಪ್ರಮಾಣವೋ ಎಂದು ಪತ್ತೆ ಮಾಡಲು ಕಣ್ಣು ಬೇಕು. ಕರಪತ್ರ ಓದಿ ಆ ಕಣ್ಣು ಬರುವುದಿಲ್ಲ. ಹತ್ತು ಮನೆ ಸುತ್ತಿದವರಿಗೆ ಬರುತ್ತದೆ.

ಹಣದ ವಿಷಯದಲ್ಲೂ ಇದೇ ಮಾತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಆರಂಭಿಸಿ ಮನೆಬಾಗಿಲಿಗೆ ಹೋಗಿ ದಿನದ ಪುಡಿಗಾಸು ಸಂಗ್ರಹಿಸಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಮನೆಯ ಸೋಲಾರ್ ದೀಪಗಳ ಸಾಲಕ್ಕೆ ಬಡ್ಡಿಯ ಒಂದು ಪಾಲನ್ನು ತಾನು ಭರಿಸುವ ಯೋಜನೆ ತಂದಾಗ ಆರಿಸಿಕೊಂಡದ್ದು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳನ್ನು. ಮನೆ ಬಾಗಿಲಿನ ಪರಿಚಯ ಆಗಲೇ ಇದ್ದ ಕಡೆ ಸೋಲಾರ್ ಸಾಲವೂ ನಡೆಯಿತು. 1995ರಲ್ಲಿ ಆರಂಭವಾದ ಸೋಲಾರ್ ದೀಪದ ಸಂಸ್ಥೆ ಸೆಲ್ಕೋ, ಅದರ ಸಹಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿ ಎಲ್ಲರಿಗೂ ಗೊತ್ತು. ಆ ಸಂಸ್ಥೆಯ ಕ್ರಮದಲ್ಲಿ ನನಗೆ ಮುಖ್ಯವಾಗಿ ಕಾಣುವುದು ದೀಪ, ಬ್ಯಾಂಕ್ ಸಾಲ, ಹತ್ತಿರದ ಸೇವಾ ಶಾಖೆ ಮೂರನ್ನೂ ಬಿಡಿಸದೆ ಒಟ್ಟಿಗೆ ಇಟ್ಟದ್ದು.

ಈಗ ಪಟ್ಟಣದ ಬಚ್ಚಲಿಗೆ ಬರೋಣ. ಬೆಂಗಳೂರಿನ ಮಹಡಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ಇಷ್ಟು ದಟ್ಟವಾಗಿ ಕಾಣಲು ಎರಡು ಸರ್ಕಾರಿ ಕಾರಣಗಳಿವೆ. 2007ರ ಆದೇಶದಿಂದ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಅದು ಕಡ್ಡಾಯವಾಯಿತು; ಹಾಕಿಸದೆ ವಿದ್ಯುತ್ ಸಂಪರ್ಕ ಸಿಗುವ ಹಾಗಿರಲಿಲ್ಲ. ಹಾಕಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿಯೂ ಇತ್ತು.

ಲಾಭ ಸಣ್ಣದಲ್ಲ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಬೇಕು. ಬಿಸಿಲು ಚೆನ್ನಾಗಿರುವ 250 ದಿನ ಎಂದು ಹಿಡಿದರೂ ವರ್ಷಕ್ಕೆ 1000 ಯೂನಿಟ್ ಗೀಸರ್ ಉರಿಯುವುದು ತಪ್ಪುತ್ತದೆ. ಅದೂ ಬೆಳಗಿನ ಹೊತ್ತು, ಊರೆಲ್ಲ ಸ್ನಾನಕ್ಕೆ ಇಳಿಯುವ ಗಳಿಗೆಯಲ್ಲಿ.

ಇಲ್ಲಿ ಹತ್ತಿರದಿಂದ ಒಂದು ಸಂಗತಿ ನೋಡಬೇಕು. ಟ್ಯಾಂಕು ಮೂರನೆಯ ಮಹಡಿಯ ಮೇಲೆ, ಬಚ್ಚಲು ನೆಲಮಹಡಿಯಲ್ಲಿ ಇದ್ದು, ನಡುವಿನ ಪೈಪು 20 ಮೀಟರ್ ಎಂದಿಟ್ಟುಕೊಳ್ಳಿ. ಒಳವ್ಯಾಸ 20 ಮಿಲಿಮೀಟರ್ ಆದರೆ ಅದರೊಳಗೆ ನಿಂತ ನೀರು ಸುಮಾರು 6 ಲೀಟರ್. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಬರುವುದು ರಾತ್ರಿಯಿಡೀ ತಣ್ಣಗಾದ ಆ 6 ಲೀಟರ್. ಅವಸರದವರು ಅದನ್ನು ಚರಂಡಿಗೆ ಬಿಡುತ್ತಾರೆ, ಕಾಯಲಾರದವರು ಗೀಸರ್ ಸ್ವಿಚ್ ಒತ್ತುತ್ತಾರೆ. ಸ್ನಾನ ಮುಗಿದ ಮೇಲೆ ಪೈಪಿನಲ್ಲಿ ಉಳಿದ 6 ಲೀಟರ್ ಬಿಸಿನೀರು ಮತ್ತೆ ತಣ್ಣಗಾಗುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ನಾಲ್ವರು ಸ್ನಾನ ಮಾಡುವ ಮನೆಯಲ್ಲಿ ದಿನಕ್ಕೆ 24 ಲೀಟರ್, 100 ಲೀಟರ್ ಟ್ಯಾಂಕಿನ ಕಾಲು ಭಾಗ. ಪೈಪಿಗೆ ಶಾಖನಿರೋಧಕ ಸುತ್ತಿ, ಬಿಸಿನೀರಿನ ಸಾಲನ್ನು ಹತ್ತಿರದ ದಾರಿಯಲ್ಲಿ ಇಳಿಸಿದರೆ ಈ ನಷ್ಟ ಬಹಳಷ್ಟು ತಗ್ಗುತ್ತದೆ. ಅದನ್ನು ನಿರ್ಧರಿಸುವವರು ಮನೆ ಕಟ್ಟುವಾಗಿನ ಪ್ಲಂಬರ್. ಹಾಗೆಯೇ ಕೊಳವೆಬಾವಿಯ ಗಡಸು ನೀರಿನ ಸುಣ್ಣ ಕೊಳವೆಗಳೊಳಗೆ ಪದರ ಕಟ್ಟುತ್ತದೆ, ಏರ್ ವೆಂಟ್ ಮುಚ್ಚಿಕೊಂಡು ಏರ್‌ಲಾಕ್ ಆಗುತ್ತದೆ, ಗಾಜಿನ ಮೇಲೆ ಧೂಳು ಕೂರುತ್ತದೆ. ಮಹಡಿ ಹತ್ತಿ ನೋಡುವವರು ಇಲ್ಲದಿದ್ದರೆ ಮನೆಯವರಿಗೆ ತಿಳಿಯುವುದು "ಈ ನಡುವೆ ಸೋಲಾರ್ ಅಷ್ಟು ಕಾಯುವುದಿಲ್ಲ" ಎಂಬಷ್ಟೇ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಗೀಸರಿನ ಬಿಲ್ಲು ಏರುತ್ತಿದ್ದರೂ ಎರಡು ಚಳಿಗಾಲ ನಾವು ಮೋಡವನ್ನೇ ದೂರಿದೆವು. ಮೇಲೆ ಹತ್ತಿದ ಪ್ಲಂಬರ್ ಒಂದು ಗಂಟೆಯಲ್ಲಿ ಸರಿಮಾಡಿ ಇಳಿದರು.

ರಿಯಾಯಿತಿಯ ಸೂತ್ರಕ್ಕೆ ಈ ಭೇದ ಕಾಣುವುದಿಲ್ಲ. ಬಿಲ್ಲಿನ ಆರ್.ಆರ್. ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆ) ಎದುರು ಸೋಲಾರ್ ಇದೆ ಎಂದು ದಾಖಲಾದರೆ ಮುಗಿಯಿತು, ಅದು ಕಾಯುತ್ತಿದೆಯೇ ಎಂದು ಕೇಳುವುದಿಲ್ಲ. ಇನ್ನೂ ಒಂದು ತೊಡಕು ಇದೆ. 50 ಪೈಸೆ ಲೆಕ್ಕ ಬಳಸಿದ ಯೂನಿಟ್ಟಿನ ಮೇಲೆ. 100 ಯೂನಿಟ್ ಸುಟ್ಟ ಮನೆಗೆ ಪೂರ್ತಿ 50 ರೂಪಾಯಿ; ಅದೇ ಮನೆ ಜತನ ಮಾಡಿ 60ಕ್ಕೆ ಇಳಿಸಿದರೆ 30 ರೂಪಾಯಿ. ಉಳಿಸಿದವರಿಗೆ ಕೊಡುವ ಮೊತ್ತ ಉಳಿಸಿದಷ್ಟೂ ಕುಗ್ಗುತ್ತದೆ. ಒಟ್ಟು ಬಿಲ್ಲಿನಲ್ಲಿ ಅವರಿಗೆ ಲಾಭವೇ, ಅದನ್ನು ಮರೆಮಾಚುವುದಿಲ್ಲ. ಆದರೆ ಪ್ರೋತ್ಸಾಹದ ಸೂತ್ರ ತನ್ನ ಉದ್ದೇಶಕ್ಕೆ ಎದುರು ದಿಕ್ಕಿನಲ್ಲಿ ನಿಂತಿದೆ.

ಇದೇ ಬಗೆಯ ತೊಡಕು 2023ರಲ್ಲಿ ರಾಜ್ಯ ಸರ್ಕಾರ ತಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲೂ ಕಾಣುತ್ತದೆ. ತಿಂಗಳ ಕೊನೆಯಲ್ಲಿ ಬಿಲ್ಲು ಕಟ್ಟಲು ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುತ್ತಿದ್ದ ಮನೆಗಳಿಗೆ ಆ ಯೋಜನೆ ತಂದ ನೆಮ್ಮದಿ ನಿಜವಾದದ್ದು, ಅದನ್ನು ಕಡೆಗಣಿಸಿ ಮಾತಾಡುವುದು ಸರಿಯಲ್ಲ. ನನ್ನ ಪ್ರಶ್ನೆ ಸೂತ್ರಕ್ಕಷ್ಟೇ ಸೀಮಿತ. ಆರಂಭದಲ್ಲಿ ಗೊತ್ತುಮಾಡಿದ ಪ್ರಕಾರ 2022-23ರ ಮಾಸಿಕ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಒಟ್ಟು 200 ಯೂನಿಟ್ ಮೀರಬಾರದು. ಸೋಲಾರ್ ಹೀಟರ್ ಇದ್ದು 70 ಯೂನಿಟ್ಟಿನಲ್ಲಿ ಮುಗಿಸಿದ್ದ ಮನೆಗೆ 77 ಯೂನಿಟ್ ಉಚಿತ. ಪಕ್ಕದಲ್ಲಿ ಗೀಸರ್ ಉರಿಸಿ 150 ಬಳಸಿದ್ದ ಮನೆಗೆ 165. ಮೊದಲೇ ಹಣ ಹೂಡಿ ಉಳಿಸಿದವರ ಪಾಲು ಕಿರಿದಾಯಿತು. ಮುಂದೆ ಉಳಿಸಲು ಕಾರಣವೂ ತೆಳುವಾಯಿತು. ಮಿತಿಯೊಳಗಿನ ಮನೆಯವರಿಗೆ ಹಳೆ ಫ್ಯಾನ್ ಬದಲಾಯಿಸಿದರೂ ಬಿಲ್ಲು ಸೊನ್ನೆ, ಬದಲಾಯಿಸದಿದ್ದರೂ ಸೊನ್ನೆ. ಮಹಡಿಯ ಸೋಲಾರ್ ವಿದ್ಯುತ್ತಿಗೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ. ಉಚಿತದ ಮಿತಿಯೊಳಗೆ ಇರುವ ಕುಟುಂಬ ಉಳಿದ ಹಣವನ್ನು ತನ್ನ ಕೈಯಿಂದ ಹಾಕಲು ಮುಂದಾಗುವುದು ಕಷ್ಟ. 200 ದಾಟುವವರಿಗೆ ಮಾತ್ರ ಲೆಕ್ಕ ಕೂಡುತ್ತದೆ.

ವಿದ್ಯುತ್ ಕಂಪನಿಯ ಬಿಲ್ಲನ್ನೇ ಉಳಿತಾಯದ ದಾರಿ ಮಾಡಿದ ಪ್ರಯೋಗ ನಮ್ಮಲ್ಲಿ ಆಗಿಲ್ಲವೆಂದಲ್ಲ. 2004ರ ಕೊನೆಯಲ್ಲಿ ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂ, ಸಿಎಫ್ಎಲ್ ದೀಪಗಳನ್ನು ಕೊಳ್ಳುವವರು ಬೆಲೆಯನ್ನು ಬಿಲ್ಲಿನ ಜೊತೆ ಕಂತಿನಲ್ಲಿ ತೀರಿಸುವ ವ್ಯವಸ್ಥೆ ಮಾಡಿತ್ತು. 2015ರಲ್ಲಿ ಬಂದ 'ಹೊಸಬೆಳಕು' ಯೋಜನೆ ಎಲ್ಇಡಿ ಬಲ್ಬುಗಳನ್ನು ಅಗ್ಗವಾಗಿ ಹಂಚಿತು. ಬಲ್ಬು ಯಶಸ್ವಿಯಾದದ್ದರಲ್ಲಿ ಆಶ್ಚರ್ಯವಿಲ್ಲ: ತಿರುಗಿಸಿ ಕೂರಿಸಿದರೆ ಮುಗಿಯಿತು, ಯಾರೂ ಮತ್ತೆ ಬರಬೇಕಾಗಿಲ್ಲ. ಒಲೆ, ಗ್ಯಾಸ್, ಹೀಟರ್ ಆ ಜಾತಿಯವಲ್ಲ.

ನೀರಿನ ಮಾತನ್ನೂ ಇಲ್ಲಿ ಸೇರಿಸಲೇಬೇಕು. ಬೆಂಗಳೂರಿನಲ್ಲಿ ನೀರೆಂದರೆ ವಿದ್ಯುತ್ತೇ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದಾರಿ, 500 ಮೀಟರಿನಷ್ಟು ಏರು ಹತ್ತಿ ಬರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು, ಪಂಪಿನಲ್ಲಿ ಯಾವ ನಷ್ಟವೂ ಇಲ್ಲ ಎಂದು ಹಿಡಿದರೂ, 1.36 ಯೂನಿಟ್ ಬೇಕು. ಸಾವಿರ ಚದರಡಿ ತಾರಸಿಯ ಮೇಲೆ ಊರಿನ ಸರಾಸರಿ ಮಳೆಯಲ್ಲಿ ವರ್ಷಕ್ಕೆ ಸುಮಾರು 90 ಸಾವಿರ ಲೀಟರ್ ಬೀಳುತ್ತದೆ. ಅದರಲ್ಲಿ ಅರ್ಧ ಹಿಡಿದರೂ 60 ಯೂನಿಟ್ ಪಂಪಿನ ಕೆಲಸ ತಪ್ಪುತ್ತದೆ, ಮನೆಯ ಮೀಟರ್ ಅದನ್ನು ತೋರಿಸದಿದ್ದರೂ. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆಕೊಯ್ಲನ್ನು ಕಡ್ಡಾಯ ಮಾಡಿದರು. ಅದರ ಜೊತೆಗೆ ಮಾಡಿದ ಒಂದು ಒಳ್ಳೆಯ ಕೆಲಸಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ: ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿ, ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸೇರಿ ರೂಪಿಸಿದ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರ. ಫಿಲ್ಟರ್ ಎಷ್ಟು ದೊಡ್ಡದು, ಇಂಗುಗುಂಡಿಯ ಒಳಗೆ ಏನಿರುತ್ತದೆ ಎಂಬುದನ್ನು ಮನೆಯವರು ಹಣ ಹಾಕುವ ಮೊದಲು ಕಣ್ಣಾರೆ ನೋಡಬಹುದು. ಮನೆ ಕಟ್ಟುವವರು ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಬೇಕಾದ ಜಾಗ ಅದು. ಒಲೆಯನ್ನು ಹಳ್ಳಿಗೆ ಒಯ್ದ ಮಂಡಳಿಯೇ ಇಲ್ಲೂ ಇರುವುದು ಆಕಸ್ಮಿಕ ಎಂದು ನನಗೆ ಅನಿಸುವುದಿಲ್ಲ. ಇಂಥ ಜಾಗ ಪ್ರತಿ ಜಿಲ್ಲೆಯಲ್ಲೂ ಬೇಕು, ಮಳೆಗೆ ಮಾತ್ರವಲ್ಲದೆ ಸೋಲಾರ್ ಹೀಟರಿಗೂ, ನೆಟ್ ಮೀಟರಿಗೂ.

ಸಹಾಯಧನದಲ್ಲಿ ಒಂದು ಪಾಲನ್ನು ತಡೆಹಿಡಿದು, ಎರಡನೆಯ ಮತ್ತು ಮೂರನೆಯ ವರ್ಷದ ತಪಾಸಣೆ ಮಾಡಿದ ಸ್ಥಳೀಯ ಕೆಲಸಗಾರರ ಕೈಗೆ ಕೊಡುವ ವಿಧಾನವನ್ನು ಒಂದು ತಾಲ್ಲೂಕಿನಲ್ಲಾದರೂ ಮಾಡಿ ನೋಡಬೇಕು. ಶಿರಸಿಯ ಉದ್ಯಮಿಗಳು ಗ್ಯಾರಂಟಿಯ ಹೆಸರಿನಲ್ಲಿ ಮಾಡಿದ್ದು ಇಂಥ ಮರುಭೇಟಿಯನ್ನೇ. ಐಟಿಐ ಕಲಿತ ಹುಡುಗ ಹುಡುಗಿಯರಿಗೆ ತಮ್ಮ ಊರಿನಲ್ಲೇ ವರ್ಷವಿಡೀ ಕೆಲಸವಾಗುತ್ತದೆ.

ಅದಕ್ಕಿಂತ ಮೊದಲು, ತಡವಾದರೆ ಕೈತಪ್ಪುವ ಒಂದು ದಾಖಲಾತಿ ಬಾಕಿ ಇದೆ. 1980ರ ದಶಕದಲ್ಲಿ ಒಲೆ ಕಟ್ಟುವ ತರಬೇತಿ ಪಡೆದ ಗಾರೆಯವರಿಗೆ ಈಗ ಅರವತ್ತು, ಎಪ್ಪತ್ತು ದಾಟಿದೆ. ಒಲೆ ವಿನ್ಯಾಸ ಮಾಡಿದವರ ಪ್ರಬಂಧಗಳು ಗ್ರಂಥಾಲಯದಲ್ಲಿವೆ. ಕಟ್ಟಿದವರ ನೆನಪು ಅವರ ಬಳಿಯೇ ಇದೆ. ಅವರ ಮನೆ ಜಗಲಿಯಲ್ಲಿ ಕುಳಿತು ಕೇಳಬೇಕು: ಯಾವ ಮನೆಯವರು ಮತ್ತೆ ಕರೆದರು, ಹೋದಾಗ ಮೊದಲು ಒಡೆದದ್ದು ಯಾವ ಭಾಗ, ಬಾಯಿ ದೊಡ್ಡದು ಮಾಡಿ ಎಂದು ಎಷ್ಟು ಮಂದಿ ಹಟ ಹಿಡಿದರು, ಮಸಿ ತೆಗೆದ ಆ ದಿನದ ಕೂಲಿಯನ್ನು ಯಾರು ಕೊಟ್ಟರು.